ತಟಸ್ಥೀಕರಣದ ಎಂಥಾಲ್ಪಿ 57 ಬರಬೇಕಾದಲ್ಲಿ 48 ಯಾಕೆ ಬಂತು? ಬಿಸಿ ಏರಿದರೂ ಮೈನಸ್ ಯಾಕೆ?

ನೀವು ಕೇಳಿರುವುದು ಇಷ್ಟು: ಫೋಮ್ ಕಪ್ಪಿನಲ್ಲಿ 1 ಮೋಲಾರ್ (ಲೀಟರಿಗೆ 1 ಮೋಲ್) ಹೈಡ್ರೋಕ್ಲೋರಿಕ್ ಆಮ್ಲ 50 ಮಿಲಿ, 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 50 ಮಿಲಿ ಬೆರೆಸಿ ತಟಸ್ಥೀಕರಣ (ಆಮ್ಲ, ಪ್ರತ್ಯಾಮ್ಲ ಸೇರಿ ಉಪ್ಪು, ನೀರು ಆಗುವ ಕ್ರಿಯೆ) ಮಾಡಿದಿರಿ. ಆಮ್ಲ 25.8 ಡಿಗ್ರಿ ಇತ್ತು, ಪ್ರತ್ಯಾಮ್ಲ 26.4. ಬೆರೆಸಿದ ಮೇಲೆ 32.2ಕ್ಕೆ ಹೋಯಿತು. 5.8 ಡಿಗ್ರಿ ಏರಿಕೆ ಹಿಡಿದು ಲೆಕ್ಕ ಹಾಕಿದರೆ ಮೋಲಿಗೆ 48.5 ಕಿಲೋಜೂಲ್ ಬಂತು, ಪುಸ್ತಕದಲ್ಲಿ ಮೈನಸ್ 57.1 ಇದೆ. ಜೊತೆಗೆ, ಬಂಧ ಒಡೆದಾಗ ಶಕ್ತಿ ಹೊರಬರುತ್ತದೆ ಅನ್ನುವುದು ಸರಿಯೇ ಅಂತಲೂ ಕೇಳಿದ್ದೀರಿ.

ಮೊದಲು ಚಿಹ್ನೆ. ಥರ್ಮಾಮೀಟರ್ ಮುಳುಗಿರುವುದು ನೀರಿನಲ್ಲಿ. ಅದು ತೋರಿಸುವುದು ನೀರಿಗೆ ಎಷ್ಟು ಶಾಖ ಬಂತು ಅನ್ನುವುದನ್ನು. ಡೆಲ್ಟಾ ಎಚ್ (ಎಂಥಾಲ್ಪಿಯ, ಅಂದರೆ ಕ್ರಿಯೆಯ ಶಾಖದ ಬದಲಾವಣೆ) ಮಾತ್ರ ಕ್ರಿಯೆಯ ಲೆಕ್ಕ. ನೀರಿಗೆ ಜಮೆಯಾದದ್ದು ಕ್ರಿಯೆಯ ಖಾತೆಯಿಂದ ಖರ್ಚಾದದ್ದು, ಹಾಗಾಗಿ ಬಹಿರುಷ್ಣಕ (ಶಾಖ ಬಿಡುವ) ಕ್ರಿಯೆಗೆ ಮೈನಸ್. ಅಂತರುಷ್ಣಕ (ಶಾಖ ಹೀರುವ) ಕ್ರಿಯೆಯಲ್ಲಿ ನೀರು ತಣ್ಣಗಾಗುತ್ತದೆ, ಕ್ರಿಯೆಯ ಖಾತೆಗೆ ಪ್ಲಸ್. ಲೆಕ್ಕದ ಕೊನೆಯ ಸಾಲಿನಲ್ಲಿ ಚಿಹ್ನೆ ತಿರುಗಿಸಿ ಬರೆಯುವುದನ್ನು ಮರೆತರೆ ಉಳಿದದ್ದೆಲ್ಲ ಸರಿಯಿದ್ದರೂ ಉತ್ತರ ತಪ್ಪು.

ಈಗ ನಿಮ್ಮ 48.5. ಗುಣಾಕಾರದಲ್ಲಿ ತಪ್ಪಿಲ್ಲ. 100 ಗ್ರಾಂ ಗುಣಿಸು 4.18 (ನೀರಿನ ವಿಶಿಷ್ಟ ಉಷ್ಣ: 1 ಗ್ರಾಂ ನೀರು 1 ಡಿಗ್ರಿ ಏರಲು ಬೇಕಾದ ಜೂಲ್) ಅಂದರೆ ಡಿಗ್ರಿಗೆ 418 ಜೂಲ್. ಅದನ್ನು 5.8ರಿಂದ ಗುಣಿಸಿದರೆ 2424 ಜೂಲ್, 0.05 ಮೋಲಿನಿಂದ ಭಾಗಿಸಿದರೆ 48.5. ದ್ರವ್ಯರಾಶಿಗೆ 50 ಗ್ರಾಂ ಮಾತ್ರ ಹಿಡಿಯುವುದು, ಆಮ್ಲ ಮತ್ತು ಪ್ರತ್ಯಾಮ್ಲದ ಮೋಲು ಕೂಡಿಸಿ 0.1ರಿಂದ ಭಾಗಿಸುವುದು, ತಾಪಮಾನದ ವ್ಯತ್ಯಾಸಕ್ಕೆ 273 ಸೇರಿಸುವುದು, ಈ ಮೂರು ಸಾಮಾನ್ಯ ತಪ್ಪುಗಳನ್ನು ನೀವು ಮಾಡಿಲ್ಲ. ಕಳೆದುಹೋದದ್ದೆಲ್ಲ ಆ 5.8ರ ಒಳಗೆ ಮತ್ತು ಕಪ್ಪಿನ ಒಳಗೆ ಇದೆ, ಒಂದೊಂದಾಗಿ ಹುಡುಕಿ ತೆಗೆಯಬಹುದು.

ಒಂದನೆಯದು ಆರಂಭದ ತಾಪಮಾನ. ನೀವು ಪ್ರತ್ಯಾಮ್ಲದ 26.4 ಹಿಡಿದಿದ್ದೀರಿ. ಎರಡೂ ಸಮ ಪ್ರಮಾಣದಲ್ಲಿ ಇರುವುದರಿಂದ ಸರಾಸರಿ 26.1 ಹಿಡಿಯಬೇಕು. ಏರಿಕೆ ಕೂಡಲೇ 6.1 ಆಗುತ್ತದೆ, ಉತ್ತರ 51.0. ಸೋಡಿಯಂ ಹೈಡ್ರಾಕ್ಸೈಡ್ ನೀರಿನಲ್ಲಿ ಕರಗುವಾಗಲೇ ಮೋಲಿಗೆ ಸುಮಾರು 44 ಕಿಲೋಜೂಲ್ ಬಿಡುತ್ತದೆ. ಆಗ ತಾನೇ ತಯಾರಿಸಿದ ದ್ರಾವಣ ಬೆಚ್ಚಗಿರುವುದು ಅದಕ್ಕೇ. ಎರಡನ್ನೂ ಅರ್ಧ ಗಂಟೆ ಅಕ್ಕಪಕ್ಕ ಇಟ್ಟು ಆಮೇಲೆ ಶುರುಮಾಡಿ.

ಎರಡನೆಯದು ಕಪ್ಪು. ಫೋಮ್ ಶಾಖ ಹೀರುವುದಿಲ್ಲ ಅಂತ ಬರೆದುಬಿಡುತ್ತಾರೆ, ಆದರೆ ಕಪ್ಪು, ಥರ್ಮಾಮೀಟರ್, ಕಲಕುವ ಕಡ್ಡಿ ಸೇರಿ ಒಂದಿಷ್ಟು ತಿನ್ನುತ್ತವೆ. ಅಳೆಯುವುದು ಸುಲಭ. ಕಪ್ಪಿನಲ್ಲಿ 25.0 ಡಿಗ್ರಿಯ 50 ಮಿಲಿ ನೀರು ಇಟ್ಟು, 45.0 ಡಿಗ್ರಿಯ 50 ಮಿಲಿ ನೀರು ಸುರಿಯಿರಿ. ಕಪ್ಪು ಏನೂ ತಿನ್ನದಿದ್ದರೆ 35.0 ಬರಬೇಕು. 34.5 ಬಂತು ಅಂದುಕೊಳ್ಳಿ. ಬಿಸಿನೀರು ಕಳೆದುಕೊಂಡದ್ದು 50 ಗುಣಿಸು 4.18 ಗುಣಿಸು 10.5, ಅಂದರೆ 2194 ಜೂಲ್. ತಣ್ಣೀರು ಪಡೆದದ್ದು 9.5 ಡಿಗ್ರಿಗೆ 1985. ಮಿಕ್ಕ 209 ಜೂಲ್ ಕಪ್ಪಿಗೆ ಹೋಯಿತು. ಕಪ್ಪೂ 9.5 ಡಿಗ್ರಿ ಏರಿದೆ, ಆದ್ದರಿಂದ ಅದರ ಪಾಲು ಡಿಗ್ರಿಗೆ 22 ಜೂಲ್. ನಿಮ್ಮ ಲೆಕ್ಕದಲ್ಲಿ 418ರ ಬದಲು 440 ಹಾಕಿದರೆ 53.7.

ಮೂರನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಥರ್ಮಾಮೀಟರ್ ಏರಿ ನಿಲ್ಲುವಷ್ಟರಲ್ಲಿ ಕಪ್ಪು ಆರಲು ಶುರುವಾಗಿರುತ್ತದೆ, ಕಣ್ಣಿಗೆ ಕಂಡ ಗರಿಷ್ಠ ತಾಪಮಾನ ನಿಜವಾದ ಗರಿಷ್ಠವಲ್ಲ. ಆಮ್ಲವನ್ನು ಮುಚ್ಚಳದ ಕಪ್ಪಿನಲ್ಲಿ ಇಟ್ಟು ಅರ್ಧರ್ಧ ನಿಮಿಷಕ್ಕೆ ತಾಪಮಾನ ಬರೆಯುತ್ತಾ ಹೋಗಿ. ಸರಿಯಾಗಿ 3ನೇ ನಿಮಿಷಕ್ಕೆ ಪ್ರತ್ಯಾಮ್ಲವನ್ನು ಒಂದೇ ಸಲಕ್ಕೆ ಸುರಿದು ಮುಚ್ಚಿ, ಕಲಕುತ್ತಾ 10ನೇ ನಿಮಿಷದವರೆಗೆ ಬರೆಯಿರಿ. ಗ್ರಾಫ್‌ನಲ್ಲಿ ಆರುತ್ತಿರುವ ಭಾಗ ನೇರ ಗೆರೆಯಂತೆ ಇಳಿಯುತ್ತಿರುತ್ತದೆ. ಸ್ಕೇಲ್ ಇಟ್ಟು ಆ ಗೆರೆಯನ್ನು ಹಿಂದಕ್ಕೆ, 3ನೇ ನಿಮಿಷದವರೆಗೆ ಎಳೆಯಿರಿ. ಅದು 32.2ರ ಬದಲು 32.5ರಲ್ಲಿ ಮುಟ್ಟಿದರೆ ಏರಿಕೆ 6.4, ಉತ್ತರ 56.3.

ಮಿಕ್ಕ 0.8ರ ಬಗ್ಗೆ ಚಿಂತೆ ಬೇಡ. ಈ ಪ್ರಮಾಣಗಳಲ್ಲಿ ತಾಪಮಾನ 0.1 ಡಿಗ್ರಿ ತಪ್ಪಿ ಓದಿದರೆ ಉತ್ತರ ಸುಮಾರು 0.9 ಕಿಲೋಜೂಲ್ ಸರಿಯುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರುವುದರಿಂದ, ತೂಗಿ ಮಾಡಿದ 1 ಮೋಲಾರ್ ನಿಜಕ್ಕೂ 0.97 ಇದ್ದರೂ ಆಶ್ಚರ್ಯವಿಲ್ಲ. ಪ್ರತ್ಯಾಮ್ಲವನ್ನು 52 ಮಿಲಿ ಹಾಕಿ, ಆಮ್ಲದ ಮೋಲು ಮಾತ್ರ ಲೆಕ್ಕಕ್ಕೆ ಹಿಡಿದರೆ ಆ ತೊಂದರೆ ಬಹುಪಾಲು ತಪ್ಪುತ್ತದೆ (ಒಟ್ಟು ದ್ರವ್ಯರಾಶಿ 102 ಗ್ರಾಂ ಆಗುತ್ತದೆ, ಆರಂಭದ ಸರಾಸರಿಯೂ ಅದೇ ಅನುಪಾತದಲ್ಲಿ). ಉಪ್ಪು ದ್ರಾವಣದ ಸಾಂದ್ರತೆ ನೀರಿಗಿಂತ ಸ್ವಲ್ಪ ಹೆಚ್ಚು, ವಿಶಿಷ್ಟ ಉಷ್ಣ ಸ್ವಲ್ಪ ಕಡಿಮೆ. ಎರಡೂ ಬಹುಮಟ್ಟಿಗೆ ಸರಿದೂಗುತ್ತವೆ. ಕಣ್ಣಿಗೆ ಸುರಕ್ಷತಾ ಕನ್ನಡಕ ಮಾತ್ರ ಬೇಕೇ ಬೇಕು, 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಕಣ್ಣಿಗೆ ಅಪಾಯ.

ಎರಡನ್ನೂ 100 ಮಿಲಿ ತೆಗೆದುಕೊಂಡರೆ ತಾಪಮಾನ ದುಪ್ಪಟ್ಟು ಏರುತ್ತದೆಯೇ? ಇಲ್ಲ. ಶಾಖ ಎರಡರಷ್ಟು, ಬಿಸಿಯಾಗಬೇಕಾದ ನೀರೂ ಎರಡರಷ್ಟು, ಏರಿಕೆ ಹೆಚ್ಚುಕಡಿಮೆ ಅಷ್ಟೇ. ಆದರೂ 100 ಮಿಲಿಯೇ ಒಳ್ಳೆಯದು, ಯಾಕೆಂದರೆ ಕಪ್ಪು ತಿನ್ನುವ ಪಾಲು ಅರ್ಧಕ್ಕೆ ಇಳಿಯುತ್ತದೆ. ಏರಿಕೆ ದುಪ್ಪಟ್ಟಾಗಬೇಕಾದರೆ ದ್ರಾವಣಗಳು 2 ಮೋಲಾರ್ ಇರಬೇಕು.

ಇನ್ನು ಬಂಧದ ಪ್ರಶ್ನೆ. ಬಂಧ ಒಡೆಯಲು ಯಾವಾಗಲೂ ಶಕ್ತಿ ಕೊಡಲೇಬೇಕು, ಇದಕ್ಕೆ ವಿನಾಯಿತಿ ಇಲ್ಲ. ಶಕ್ತಿ ಹೊರಬರುವುದು ಹೊಸ ಬಂಧ ಕೂಡುವಾಗ. ಹೈಡ್ರೋಜನ್ ಮತ್ತು ಕ್ಲೋರಿನ್ ಸೇರುವುದನ್ನು ನೋಡಿ: ಒಂದು ಮೋಲ್ ಹೈಡ್ರೋಜನ್ ಬಂಧ ಒಡೆಯಲು 436 ಕಿಲೋಜೂಲ್, ಕ್ಲೋರಿನ್ ಬಂಧಕ್ಕೆ 242, ಒಟ್ಟು 678 ಖರ್ಚು. ಹೈಡ್ರೋಜನ್ ಕ್ಲೋರೈಡಿನ ಎರಡು ಬಂಧ ಕೂಡಿದಾಗ 431ರಂತೆ 862 ವಾಪಸ್. ವ್ಯತ್ಯಾಸ ಮೈನಸ್ 184, ಬಹಿರುಷ್ಣಕ. ನೈಟ್ರೋಜನ್ ಮತ್ತು ಆಕ್ಸಿಜನ್ ಸೇರಿ ನೈಟ್ರಿಕ್ ಆಕ್ಸೈಡ್ ಆಗುವಾಗ ಇದೇ ಲೆಕ್ಕ ತಿರುಗುತ್ತದೆ: ಒಡೆಯಲು 945 ಮತ್ತು 498, ಅಂದರೆ 1443. ವಾಪಸ್ ಬರುವುದು 631ರಂತೆ ಎರಡು, 1262. ಪ್ಲಸ್ 181, ಅಂತರುಷ್ಣಕ. ನೈಟ್ರೋಜನ್ನಿನ ತ್ರಿಬಂಧ ಅಷ್ಟು ಗಟ್ಟಿ. ಈ ಲೆಕ್ಕ ಅನಿಲಗಳಿಗೆ ಚೆನ್ನಾಗಿ ಹೊಂದುತ್ತದೆ. ದ್ರಾವಣದಲ್ಲಿ ಅಯಾನುಗಳನ್ನು ನೀರು ಸುತ್ತುವರಿಯುವ ಶಕ್ತಿಯೂ ಸೇರುವುದರಿಂದ ನಿಮ್ಮ ತಟಸ್ಥೀಕರಣಕ್ಕೆ ಇದನ್ನು ನೇರವಾಗಿ ಹಾಕಬೇಡಿ.

ಅದೇ ಕಪ್ಪಿನಲ್ಲಿ ತಣ್ಣಗಾಗುವುದನ್ನೂ ನೋಡಿ. 100 ಮಿಲಿ ನೀರಿಗೆ 10.7 ಗ್ರಾಂ ಅಮೋನಿಯಂ ಕ್ಲೋರೈಡ್, ಅಂದರೆ 0.2 ಮೋಲ್, ಪುಡಿ ಮಾಡಿ ಹಾಕಿ ಬೇಗ ಕಲಕಿ. ಇದು ಕರಗುವಿಕೆ, ಕಟ್ಟುನಿಟ್ಟಾಗಿ ರಾಸಾಯನಿಕ ಕ್ರಿಯೆಯಲ್ಲ, ಆದರೆ ಎಂಥಾಲ್ಪಿಯ ಲೆಕ್ಕ ಅದೇ. ಮೋಲಿಗೆ ಪ್ಲಸ್ 14.8 ಕಿಲೋಜೂಲ್, ತಾಪಮಾನ ಸುಮಾರು 6 ಡಿಗ್ರಿ ಇಳಿಯುತ್ತದೆ. ಇಲ್ಲಿ ಶಾಖ ಹೊರಗಿನಿಂದ ಒಳಗೆ ಸೋರುತ್ತದೆ, ಹಾಗಾಗಿ ಗ್ರಾಫ್‌ನಲ್ಲಿ ಹಿಂದಕ್ಕೆ ಎಳೆದ ಗೆರೆ ನೀವು ಕಂಡ ಕನಿಷ್ಠಕ್ಕಿಂತ ಕೆಳಗೆ ಮುಟ್ಟಬೇಕು. ಮೇಲೆ ಮುಟ್ಟಿದರೆ ಹರಳು ಇನ್ನೂ ಪೂರ್ತಿ ಕರಗಿಲ್ಲ.