ಅಕ್ಕೋರ ಮೊಮ್ಮಗನ ಸಿಟ್ಟು

ಕುಮಟೆಯ ನಿವೃತ್ತ ಕನ್ನಡ ಶಿಕ್ಷಕಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಮುಖ್ಯ ಭಾಗ ಇಷ್ಟು:

"ನನ್ನ ಮಗಳ ಮಗ ಅಮೆರಿಕದಲ್ಲೇ ಹುಟ್ಟಿದವನು. ಅಲ್ಲಿಯದೇ ಪ್ರಜೆ. ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಮೊದಲೆಲ್ಲ ಊಟ, ಮಳೆ, ಕೆಲಸದ ಮಾತಾಡುತ್ತಿದ್ದ. ಈಗ ಒಂದೇ ರಾಗ. 'ಅಮ್ಮಮ್ಮಾ, ನಾನು ಕಟ್ಟಿದ ತೆರಿಗೆಯಲ್ಲಿ ಯಾವುದೋ ದೇಶದ ಮೇಲೆ ಬಾಂಬು ಹಾಕುತ್ತಾರೆ. ಯುದ್ಧ ಬೇಡ ಅಂದವರಿಗೇ ವೋಟು ಹಾಕಿದೆ. ಗೆದ್ದ ಮೇಲೆ ಅವರೂ ಅದನ್ನೇ ಮಾಡುತ್ತಾರೆ. ಇನ್ನು ವೋಟು ಯಾಕೆ?' ನಾನು 'ಸುಮ್ನಿರು ಮಾರಾಯ, ನಿನ್ನ ಕೆಲಸ ನೋಡಿಕೋ' ಅಂದುಬಿಟ್ಟೆ. ಫೋನಿಟ್ಟ ಮೇಲೆ ನಿದ್ದೆ ಬರಲಿಲ್ಲ. ಅವರ ಸರ್ಕಾರ, ಅವರ ಯುದ್ಧ. ಕುಮಟೆಯಲ್ಲಿ ಕೂತ ನಾನು ಬೇರೆ ಏನು ಹೇಳಬಹುದಿತ್ತು?"

ಅಕ್ಕೋರೇ,

ಪತ್ರ ಬಂದು ಹದಿನೈದು ದಿನವಾಯಿತು. ಮೊದಲು ಒಂದು ಉತ್ತರ ಬರೆದಿದ್ದೆ. ಅದರಲ್ಲಿ ಬುದ್ಧ ಬಂದಿದ್ದ, ಗಾಂಧೀಜಿ ಬಂದಿದ್ದರು, ಅಶೋಕನೂ ಕಳಿಂಗದಿಂದ ಎದ್ದು ಬಂದು ಕೂತಿದ್ದ. ಓದಿ ನೋಡಿದರೆ ಆಗಸ್ಟ್ ಹದಿನೈದರ ಭಾಷಣದ ಹಾಗಿತ್ತು. ಹರಿದು ಹಾಕಿದೆ. ನಿಮ್ಮ ಮೊಮ್ಮಗ ಶಾಂತಿಪಾಠ ಕೇಳಿಲ್ಲ. ದುಡ್ಡು ನನ್ನದು, ನನ್ನನ್ನು ಕೇಳಿದವರು ಯಾರು ಅಂತ ಕೇಳುತ್ತಿದ್ದಾನೆ. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳುವಂಥ ಪ್ರಶ್ನೆ ಅದು.

ಮೊದಲು ನಿಮ್ಮ ಜತೆಗೇ ಸ್ವಲ್ಪ ಜಗಳ. "ಅವರ ಯುದ್ಧ" ಅಂದಿರಲ್ಲ, ಆ ಮಾತು ಕುಮಟೆಯಿಂದ ಬರಬಾರದಿತ್ತು.

1861ರಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಯುದ್ಧ ಹತ್ತಿಕೊಂಡಿತು. ದಕ್ಷಿಣದ ಬಂದರುಗಳ ಬಾಯಿಗೆ ಉತ್ತರದವರು ಯುದ್ಧನೌಕೆಗಳನ್ನು ನಿಲ್ಲಿಸಿದರು. ಗುಲಾಮರು ಬೆಳೆದ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತು. ಲ್ಯಾಂಕಶೈರಿನ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು. ಮಾಲೀಕರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಆ ಹತ್ತಿ ಅದಕ್ಕೂ ಮೊದಲೇ ಎತ್ತಿನ ಗಾಡಿಯಲ್ಲಿ ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ನಿಮ್ಮೂರಿಗೆ ಬರುತ್ತಿತ್ತು. ಅಲ್ಲಿಂದ ಮುಂಬೈಗೆ ಹಡಗು. ಮುಂಬೈ ಪೇಟೆಯಲ್ಲಿ ಅದರ ಹೆಸರೇ ಕುಮಟಾ ಹತ್ತಿ. ಬೆಳೆದವರು ಬಯಲುಸೀಮೆಯವರು, ಹೆಸರು ನಿಮ್ಮದು.

ಯುದ್ಧದ ವರ್ಷಗಳಲ್ಲಿ ಹತ್ತಿಯ ಬೆಲೆ ಏರಿದ್ದೇ ಏರಿದ್ದು. ಕಾರವಾರದಲ್ಲಿ ದೊಡ್ಡ ಬಂದರು ಆಗಲಿ, ಧಾರವಾಡದಿಂದ ಅಲ್ಲಿಗೆ ಗಾಡಿರಸ್ತೆ ಆಗಲಿ ಎಂದು ಮ್ಯಾಂಚೆಸ್ಟರಿನವರು ಹಟ ಹಿಡಿದರು. ಅಲ್ಲಿಯ ಹತ್ತಿ ಕಂಪನಿಯೊಂದು ಯಂತ್ರಗಳನ್ನೂ ಕಳಿಸಿಬಿಟ್ಟಿತು. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರಲ್ಲ, ಅದರ ಹಿಂದೆಯೂ ಈ ಹತ್ತಿಯ ಒತ್ತಡ ಇತ್ತು. ಕುಂದಾಪುರ ಆಚೆ ಉಳಿಯಿತು, ನಾವು ಈಚೆ ಬಂದೆವು. ನಮ್ಮ ಅಜ್ಜಂದಿರು ಶಾಲೆಯಲ್ಲಿ ಮರಾಠಿ ಕಲಿತದ್ದು, ಕೋರ್ಟು ಕಚೇರಿಗೆ ಮುಂಬೈ ಕಡೆ ಮುಖ ಮಾಡಿದ್ದು, ಇದಕ್ಕೆಲ್ಲ ಒಂದು ಎಳೆ ಅಮೆರಿಕದ ಯುದ್ಧಕ್ಕೆ ಹೋಗಿ ಮುಟ್ಟುತ್ತದೆ.

1865ರಲ್ಲಿ ಯುದ್ಧ ಮುಗಿಯಿತು. ಬೆಲೆ ಬಿತ್ತು. ಬಂದರಿನ ಉಮೇದೂ ಇಳಿಯಿತು. ಮುಂದೆ ರೈಲು ಬಂದಾಗ ಅದು ಗೋವೆಯ ಮುರಗಾಂವ್ ಬಂದರಿಗೆ ಹೋಯಿತು. (ಹುಬ್ಬಳ್ಳಿ–ಅಂಕೋಲಾ ರೈಲಿನ ಸಿಟ್ಟು ಬೇರೆಯೇ ಇದೆ. ಅದು ಇನ್ನೊಂದು ಸಂಚಿಕೆಗೆ ಇರಲಿ.)

ಅಷ್ಟು ಹಳೆಯದು ಬೇಡ ಅಂದರೆ 1990 ತಗೊಳ್ಳಿ. ಆಗಸ್ಟ್ 2ರಂದು ಸದ್ದಾಂ ಹುಸೇನನ ಸೈನ್ಯ ಕುವೈತಿಗೆ ನುಗ್ಗಿತು. ನಾನಾಗ ಹೈಸ್ಕೂಲು. ನಮ್ಮ ಕೇರಿಯ ಒಬ್ಬರು ಕುವೈತಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಒಂದೂವರೆ ತಿಂಗಳು ಸುದ್ದಿಯಿಲ್ಲ. ಅವರ ಹೆಂಡತಿ ದಿನಾ ಅಂಚೆಯಣ್ಣನ ದಾರಿ ಕಾಯುತ್ತಿದ್ದರು. ಕಡೆಗೆ ಒಂದು ಬೆಳಗ್ಗೆ ಅವರು ಮುಂಬೈ ಬಸ್ಸಿನಿಂದ ಒಂದೇ ಚೀಲ ಹಿಡಿದು ಇಳಿದರು. ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ಮುಟ್ಟಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಬಂದಿದ್ದರು. ಹಾಗೆ ಬಂದವರು 1,70,000ಕ್ಕೂ ಜಾಸ್ತಿ. ಏಳು ವರ್ಷ ದುಡಿದದ್ದು ಅಲ್ಲೇ ಉಳಿಯಿತು. ಜೇಬಿನಲ್ಲಿದ್ದ ದಿನಾರನ್ನು ಮುಂಬೈಯಲ್ಲಿ ಯಾರೂ ಮುಟ್ಟಲಿಲ್ಲವಂತೆ. ಆ ನೋಟುಗಳನ್ನು ಅವರ ಮಗ ನಮಗೆ ಆಡಲು ಕೊಟ್ಟಿದ್ದ.

ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ ಏನಾಯಿತು ಅಂತ ನಿಮಗೆ ನಾನು ಹೇಳಬೇಕಿಲ್ಲ. ಯೆಮೆನಿನ ಹೂತಿಗಳು ಕೆಂಪು ಸಮುದ್ರದಲ್ಲಿ ಹಡಗುಗಳಿಗೆ ಕ್ಷಿಪಣಿ ಬಿಡತೊಡಗಿದ ಮೇಲೆ, ಹಡಗಿನಲ್ಲಿ ಕೆಲಸ ಮಾಡುವ ಹುಡುಗರಿರುವ ಕಾರವಾರದ ಮನೆಗಳಲ್ಲಿ ರಾತ್ರಿ ಹೇಗೆ ಕಳೆಯಿತು ಅಂತಲೂ ಗೊತ್ತಿದೆ.

ಹತ್ತಿಯ ಕಥೆಯಲ್ಲಿ ಒಂದು ಪತ್ರವನ್ನು ಬೇಕಂತಲೇ ಬಿಟ್ಟಿದ್ದೆ. ಮೊಮ್ಮಗನಿಗೆ ಹೇಳಬೇಕಾದದ್ದು ಅದೇ.

ಗಿರಣಿ ಮುಚ್ಚಿದಾಗ ಮೊದಲು ಉಪವಾಸ ಬಿದ್ದವರು ಲ್ಯಾಂಕಶೈರಿನ ಕೂಲಿಗಳು. ಬ್ರಿಟಿಷ್ ಸರ್ಕಾರ ದಕ್ಷಿಣದವರ ಕಡೆ ನಿಂತು ಆ ದಿಗ್ಬಂಧನ ಮುರಿದರೆ ಮತ್ತೆ ಹತ್ತಿ ಬರುತ್ತಿತ್ತು, ಕೂಲಿ ಸಿಗುತ್ತಿತ್ತು. ಹಾಗೆ ಮಾಡಿ ಎಂದು ಒತ್ತಾಯಿಸುವ ದೊಡ್ಡವರು ಅಲ್ಲಿ ಬೇಕಾದಷ್ಟು ಜನ ಇದ್ದರು. 1862ರ ಡಿಸೆಂಬರ್ 31ರ ರಾತ್ರಿ ಮ್ಯಾಂಚೆಸ್ಟರಿನ ಕಾರ್ಮಿಕರು ಸಭೆ ಸೇರಿದರು. ಉತ್ತರದವರ ಮುಂದಾಳು, ಅಮೆರಿಕದ ಅಧ್ಯಕ್ಷ ಲಿಂಕನ್‌ಗೆ ಪತ್ರ ಬರೆದರು. ಗುಲಾಮಗಿರಿ ತೊಲಗಲಿ, ನಾವು ನಿಮ್ಮ ಕಡೆ ಅಂತ ಅದರ ಸಾರ. ಎಲ್ಲ ಕಾರ್ಮಿಕರೂ ಹಾಗಿರಲಿಲ್ಲ, ದಕ್ಷಿಣದ ಪರ ಕೂಗಿದವರೂ ಇದ್ದರು. ಆದರೂ ತಮ್ಮ ಮನೆಯ ಒಲೆ ಆರಿದ್ದಾಗ ಇನ್ಯಾರದೋ ಬಿಡುಗಡೆಗಾಗಿ ಹೀಗೆ ಬರೆಯುವುದು ಸುಲಭವಾ? 1863ರ ಜನವರಿ 19ರಂದು ಲಿಂಕನ್ ಉತ್ತರ ಬರೆದ. ನಿಮ್ಮ ಕಷ್ಟ ನನಗೆ ಗೊತ್ತಿದೆ ಅಂತ ಒಪ್ಪಿಕೊಂಡ. ಬ್ರಿಟಿಷ್ ಸರ್ಕಾರ ಕೊನೆಗೂ ದಕ್ಷಿಣಕ್ಕೆ ಮಾನ್ಯತೆ ಕೊಡಲಿಲ್ಲ. ಅದಕ್ಕೆ ಕಾರಣಗಳು ಹತ್ತಾರು, ಈ ಪತ್ರ ಒಂದರಿಂದಲೇ ಆಯಿತು ಎಂದು ನಾನು ಬಡಾಯಿ ಕೊಚ್ಚುವುದಿಲ್ಲ. ವಿದೇಶಾಂಗ ನೀತಿ ದೊರೆಗಳ ಜಗಲಿಯ ಮಾತು, ಕೂಲಿಯವರು ಅದರಲ್ಲಿ ಬಾಯಿ ಹಾಕಬಾರದು ಎಂಬ ಕಾಲದಲ್ಲಿ ಅವರು ಬಾಯಿ ಹಾಕಿದರು, ಅಷ್ಟು ಹೇಳುತ್ತೇನೆ.

ಈಗ ಮೊಮ್ಮಗನ ಸಿಟ್ಟು. ಅದು ನ್ಯಾಯವಾದದ್ದೇ, ಆದರೆ ವಿಳಾಸ ತಪ್ಪಿದೆ. ಅವನು ಅಧ್ಯಕ್ಷರನ್ನು ಬೈಯುತ್ತಾನೆ. ಅವರ ಸಂವಿಧಾನದ ಪ್ರಕಾರ ಯುದ್ಧ ಸಾರುವ ಅಧಿಕಾರ ಅಧ್ಯಕ್ಷರಿಗಿಲ್ಲ, ಕಾಂಗ್ರೆಸ್ಸಿಗಿದೆ. (ಅಲ್ಲಿ ಕಾಂಗ್ರೆಸ್ ಎಂದರೆ ಸಂಸತ್ತು.) ಅದು ವಿಧಿವತ್ತಾಗಿ ಕೊನೆಯ ಸಲ ಯುದ್ಧ ಸಾರಿದ್ದು 1942ರಲ್ಲಿ. ಆಮೇಲೆ ಕೊರಿಯಾ ಆಯಿತು, ವಿಯೆಟ್ನಾಂ ಆಯಿತು, ಅಫ್ಘಾನಿಸ್ತಾನ, ಇರಾಕ್ ಆಯಿತು. ಒಂದನ್ನೂ ಸಾರಿದ್ದಿಲ್ಲ.

ವಿಯೆಟ್ನಾಮಿನಲ್ಲಿ ಕೈ ಸುಟ್ಟುಕೊಂಡ ಮೇಲೆ 1973ರಲ್ಲಿ ಒಂದು ಕಾನೂನು ತಂದರು. ಅಧ್ಯಕ್ಷರು ಸೈನ್ಯ ಇಳಿಸಿದರೆ 48 ಗಂಟೆಯೊಳಗೆ ಕಾಂಗ್ರೆಸ್ಸಿಗೆ ತಿಳಿಸಬೇಕು. ಅದರ ಒಪ್ಪಿಗೆ ಇಲ್ಲದಿದ್ದರೆ 60 ದಿನದ ಮೇಲೆ ಕಾದಾಟ ಮುಂದುವರಿಸುವಂತಿಲ್ಲ. ಆಗಿನ ಅಧ್ಯಕ್ಷ ನಿಕ್ಸನ್ ತಡೆದರೂ ಕಾಂಗ್ರೆಸ್ ಮತ್ತೆ ವೋಟು ಹಾಕಿ ಅದನ್ನು ಗೆಲ್ಲಿಸಿತು. ಒಳ್ಳೆಯ ಬೇಲಿ, ಅಲ್ವಾ? 2011ರಲ್ಲಿ ಒಬಾಮ ಸರ್ಕಾರ ಲಿಬಿಯಾದ ಮೇಲೆ ಬಾಂಬು ಹಾಕಿತು. 60 ದಿನ ದಾಟಿತು. ಕೇಳಿದರೆ, ಇದು ಆ ಕಾನೂನು ಹೇಳುವ ಅರ್ಥದ ಕಾದಾಟವೇ ಅಲ್ಲ ಎಂಬ ಉತ್ತರ ಬಂತು. ನೀವು ಮೂವತ್ತು ವರ್ಷ ವ್ಯಾಕರಣ ಕಲಿಸಿದವರು. ಹೇಳಿ, ಬಾಂಬು ಬೀಳುವುದು ಯಾವ ವಿಭಕ್ತಿ? 2025ರ ಜೂನಿನಲ್ಲಿ ಟ್ರಂಪ್ ಇರಾನಿನ ಅಣುಕೇಂದ್ರಗಳ ಮೇಲೆ ಬಾಂಬು ಹಾಕಿಸಿದಾಗಲೂ ಕಾಂಗ್ರೆಸ್ಸಿನ ಒಪ್ಪಿಗೆ ಕೇಳಲಿಲ್ಲ. ಒಬ್ಬರು ಒಂದು ಪಕ್ಷ, ಇನ್ನೊಬ್ಬರು ಇನ್ನೊಂದು. ಮೊಮ್ಮಗ ಹೇಳುವುದು ಇಲ್ಲಿ ಅಕ್ಷರಶಃ ನಿಜ.

ಎರಡೂ ಪಕ್ಷಗಳಿಗೆ ಇದು ಇಷ್ಟು ಸಲೀಸಾದದ್ದು ಹೇಗೆ? ನನಗೆ ತೋಚುವುದು, ಮನೆಯವರಿಗೆ ಬಿಲ್ಲು ಮುಟ್ಟದ ಹಾಗೆ ನೋಡಿಕೊಂಡರು. 1973ರಲ್ಲಿ ಕಡ್ಡಾಯ ಸೈನ್ಯ ಭರ್ತಿ ನಿಂತಿತು. ಅಂದಮೇಲೆ ಮನೆಮನೆಯ ಮಗ ಹೋಗಬೇಕೆಂದಿಲ್ಲ, ಸೇರಲು ಒಪ್ಪಿದವನು ಹೋಗುತ್ತಾನೆ. ದುಡ್ಡಿನ ಮಾತು ಇನ್ನೂ ಚೆಂದ. ಇರಾಕ್ ಯುದ್ಧ ಶುರುವಾದದ್ದು 2003ರ ಮಾರ್ಚಿನಲ್ಲಿ. ಮೇ ತಿಂಗಳಲ್ಲಿ ಆಗಿನ ಅಧ್ಯಕ್ಷ ಬುಷ್ ತೆರಿಗೆ ಇಳಿಸಿದರು! ಸೊಸೈಟಿಯಲ್ಲಿ ಸಾಲ ತೆಗೆದು ಬಂಡಿಹಬ್ಬ ಮಾಡಿ, ಊರವರ ಹತ್ತಿರ ಈ ವರ್ಷ ವಂತಿಗೆ ಕಡಿಮೆ ಕೊಟ್ಟರೂ ಸಾಕು ಅಂದ ಹಾಗೆ. ಯಾರು ಲೆಕ್ಕ ಕೇಳುತ್ತಾರೆ?

ಆದರೂ ಕೇಳಿದವರು ಇದ್ದಾರೆ. 2001ರ ಸೆಪ್ಟೆಂಬರ್ 11ರ ದಾಳಿಯಾಗಿ ಮೂರೇ ದಿನಕ್ಕೆ, ಅಧ್ಯಕ್ಷರು ಬೇಕಾದ ಬಲ ಬಳಸಬಹುದು ಎಂಬ ನಿರ್ಣಯ ಬಂತು. ಅದರ ಜೀವಾಳ 60 ಪದಗಳ ಒಂದೇ ವಾಕ್ಯ. ಕಾಂಗ್ರೆಸ್ಸಿನ ಕೆಳಮನೆಯಲ್ಲಿ 420 ಜನ ಹೂಂ ಅಂದರು. ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಒಬ್ಬರೇ ಊಹೂಂ ಅಂದರು. ಅವರಿಗೆ ಕೊಲೆ ಬೆದರಿಕೆ ಬಂತು, ಪೊಲೀಸ್ ಕಾವಲು ಬೇಕಾಯಿತು. ಆ ಒಂದು ವಾಕ್ಯವನ್ನು ಮುಂದೆ ಅಫ್ಘಾನಿಸ್ತಾನದಿಂದ ಸೊಮಾಲಿಯಾದವರೆಗೆ ಎಳೆದು ಎಳೆದು ಬಳಸಿದರು. ಅಫ್ಘಾನಿಸ್ತಾನದಲ್ಲಿ ಇಪ್ಪತ್ತು ವರ್ಷ ಕಳೆದು 2021ರ ಆಗಸ್ಟಿನಲ್ಲಿ ಅಮೆರಿಕ ಹೊರಟಾಗ ಕಾಬೂಲಿನಲ್ಲಿ ಮತ್ತೆ ತಾಲಿಬಾನ್ ಕೂತಿತ್ತು. ಲೀ ಆ ಇಪ್ಪತ್ತೂ ವರ್ಷ ತಮ್ಮ ಕ್ಷೇತ್ರದಲ್ಲಿ ಗೆಲ್ಲುತ್ತಲೇ ಬಂದರು. "ವೋಟು ಯಾಕೆ" ಅನ್ನುವ ಹುಡುಗನಿಗೆ ಇದನ್ನು ಹೇಳಿ.

ಬೀದಿಗಿಳಿದವರೂ ಇದ್ದರು. 2003ರ ಫೆಬ್ರವರಿ 15ರಂದು ಲಂಡನ್, ರೋಮ್, ನ್ಯೂಯಾರ್ಕ್ ಎಲ್ಲ ಕಡೆ ಲಕ್ಷಗಟ್ಟಲೆ ಜನ ಇರಾಕ್ ಯುದ್ಧ ಬೇಡ ಎಂದು ನಡೆದರು. ಯುದ್ಧ ನಿಲ್ಲಲಿಲ್ಲ. ಯಾವ ಆಯುಧ ಅಡಗಿದೆ ಎಂದು ಹೋದರೋ ಆ ಆಯುಧ ಸಿಗಲಿಲ್ಲ. ಇದನ್ನು ಸಮಾಧಾನದ ಮಾತಿನಲ್ಲಿ ಮುಚ್ಚಲು ನನಗೆ ಬರುವುದಿಲ್ಲ.

ಆದರೆ ಅದೇ ವರ್ಷ ನಮ್ಮಲ್ಲಿ ಏನಾಯಿತು ನೋಡಿ. ಏಪ್ರಿಲಿನಲ್ಲಿ ನಮ್ಮ ಲೋಕಸಭೆ ಆ ಯುದ್ಧದ ಮೇಲೆ ಒಕ್ಕೊರಲಿನ ನಿರ್ಣಯ ಮಾಡಿತು. ಯಾವ ಪದ ಹಾಕಬೇಕು ಅಂತ ಜಗ್ಗಾಟ. ಕಡೆಗೆ ಹಿಂದಿಯಲ್ಲಿ 'ನಿಂದಾ' ಎಂದಿಟ್ಟರು, ಇಂಗ್ಲಿಷಿನಲ್ಲಿ ಅದಕ್ಕಿಂತ ಮೆತ್ತಗಿನ ಪದ ಹಾಕಿದರು. ನನಗೆ ನಗು ಬಂದಿತ್ತು. ಆದರೆ ಇರಾಕಿಗೆ ನಿಮ್ಮ ಸೈನಿಕರನ್ನು ಕಳಿಸಿ ಎಂದು ಅಮೆರಿಕ ಕೇಳಿದಾಗ ಆ ನಿರ್ಣಯ ಎದುರಿಗೇ ಇತ್ತು. ದೇಶದೊಳಗೆ ವಿರೋಧವೂ ಜೋರಿತ್ತು. ವಾಜಪೇಯಿ ಸರ್ಕಾರ ತಿಂಗಳುಗಟ್ಟಲೆ ಹಿಂದೆಮುಂದೆ ನೋಡಿ ಜುಲೈ 14ರಂದು ಆಗುವುದಿಲ್ಲ ಎಂದಿತು. ಅವತ್ತು ಹೂಂ ಅಂದಿದ್ದರೆ ನಮ್ಮ ಜಿಲ್ಲೆಯ ಎಷ್ಟು ಮನೆಗಳಿಗೆ ಸೈನ್ಯದ ತಂತಿ ಬರುತ್ತಿತ್ತೋ.

ಇದನ್ನು ಓದಿ ನಾವೇ ಮೇಲು ಅಂದುಕೊಳ್ಳಬೇಡಿ. 1987ರಲ್ಲಿ ಶ್ರೀಲಂಕಾಕ್ಕೆ ನಮ್ಮ ಶಾಂತಿಪಾಲನಾ ಪಡೆ ಹೋಯಿತು. ಹೆಸರಿನಲ್ಲಿ ಶಾಂತಿ ಇತ್ತು, ಅಲ್ಲಿ ಆದದ್ದು ಯುದ್ಧ. 1990ರ ಮಾರ್ಚಿನಲ್ಲಿ ಅದು ವಾಪಸಾಗುವ ಹೊತ್ತಿಗೆ ಸಾವಿರಕ್ಕೂ ಜಾಸ್ತಿ ನಮ್ಮ ಸೈನಿಕರು ಸತ್ತಿದ್ದರು. ಹೋಗುವ ಮೊದಲು ಸಂಸತ್ತನ್ನು ಕೇಳಿರಲಿಲ್ಲ. ಕೇಳಲೇಬೇಕೆಂದು ನಮ್ಮಲ್ಲಿ ಕಾನೂನೂ ಇಲ್ಲ. ಅಮೆರಿಕದವರ ಬೇಲಿ ಮುರಿದಿದೆ, ನಮ್ಮಲ್ಲಿ ಬೇಲಿಯೇ ಹಾಕಿಲ್ಲ. ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ ಚಪಲ್ ಯುದ್ಧನೌಕೆಯ ಮುಂದೆ ನಾವು ಫೋಟೊ ತೆಗೆಸಿಕೊಳ್ಳುತ್ತೇವೆ. ಪಕ್ಕದ ಅರಗಾ, ಚೆಂಡಿಯಾದ ಜನ ನೌಕಾನೆಲೆಗೆ ಮನೆ ಜಮೀನು ಬಿಟ್ಟುಕೊಟ್ಟಿದ್ದಾರೆ. ಆದರೆ ಸಂಸದರು ವೋಟು ಕೇಳಲು ಬಂದಾಗ, ಈ ನೌಕೆಗಳು ಎಲ್ಲಿಗೆ, ಯಾಕೆ ಹೋಗುತ್ತವೆ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ನಾನೂ ಕೇಳಿಲ್ಲ. ಆಸ್ಪತ್ರೆ ಕೇಳುತ್ತೇವೆ, ರಸ್ತೆ ಕೇಳುತ್ತೇವೆ. ಅದು ಬೇಕೇ ಬೇಕು. ಅದರ ಜತೆ ಇದೊಂದು ಪ್ರಶ್ನೆ ಸೇರಿಸಿದರೆ ಗಂಟೇನು ಹೋಗುತ್ತದೆ?

ಹಾಗಾಗಿ ಮುಂದಿನ ವಾರ ಮೊಮ್ಮಗ ಫೋನ್ ಮಾಡಿದಾಗ "ಸುಮ್ನಿರು" ಅನ್ನಬೇಡಿ. ನಿನ್ನ ಕ್ಷೇತ್ರದ ಪ್ರತಿನಿಧಿ ಯಾರು ಅಂತ ಕೇಳಿ. ಹೆಸರು ತಟ್ಟನೆ ಬರುವುದಿಲ್ಲ, ಪಂದ್ಯ ಕಟ್ಟುತ್ತೇನೆ. ಅಧ್ಯಕ್ಷರ ಚುನಾವಣೆಯ ಗಲಾಟೆಯಲ್ಲಿ ಅವರನ್ನು ಯಾರೂ ನೆನಪಿಡುವುದಿಲ್ಲ. ಅಲ್ಲಿ ಯುದ್ಧದಂಥ ವಿಷಯಕ್ಕೆ ಯಾರು ಹೂಂ ಅಂದರು, ಯಾರು ಊಹೂಂ ಅಂದರು ಎಂಬುದು ಹೆಸರಿನ ಸಮೇತ ದಾಖಲಾಗುತ್ತದೆ. ಯಾರು ಬೇಕಾದರೂ ನೋಡಬಹುದು. ನೋಡಿ, ಆ ಮನುಷ್ಯನಿಗೆ ಒಂದು ಪತ್ರ ಬರೆಯಲಿ. ಉತ್ತರ ಬಾರದಿದ್ದರೆ ಇನ್ನೊಂದು. ಎಲ್ಲರೂ ಲಿಂಕನ್ ಆಗಿರುವುದಿಲ್ಲ, ಅಚ್ಚು ಹಾಕಿದ ಎರಡು ಸಾಲು ಬಂದರೂ ಬರಬಹುದು. ಆಗ ಅವನಿಗೆ ಇನ್ನೂ ಸಿಟ್ಟು ಬರುತ್ತದೆ. ಬರಲಿ, ಹರೆಯದವನು.

ಕೊನೆಯ ಪುಟದಲ್ಲಿ ನೀವು ಕೆಂಪು ಶಾಯಿಯಲ್ಲಿ ಬರೆದದ್ದನ್ನೂ ನೋಡಿದೆ. ಕಳೆದ ಸಂಚಿಕೆಯಲ್ಲಿ ಮೂರು ಕಡೆ 'ಯುದ್ದ' ಎಂದು ಅಚ್ಚಾಗಿದೆ, ಮಹಾಪ್ರಾಣ ಎಲ್ಲಿ ಹೋಯಿತು ಅಂತ ಕೇಳಿದ್ದೀರಿ. ತಪ್ಪು ನನ್ನದೇ, ಕರಡು ತಿದ್ದಿದ್ದು ನಾನು. ಈ ಸಲ ಪ್ರತಿ 'ಯುದ್ಧ'ವನ್ನೂ ಎರಡೆರಡು ಸಲ ನೋಡಿದ್ದೇನೆ. ಮೊಮ್ಮಗನಿಗೆ ಕನ್ನಡ ಓದಲು ಬರುತ್ತದೋ ಇಲ್ಲವೋ ನೀವು ಬರೆದಿಲ್ಲ. ಬಾರದಿದ್ದರೆ ಫೋನಿನಲ್ಲೇ ಓದಿ ಹೇಳಿ. ಕುಮಟಾ ಹತ್ತಿಯ ಭಾಗ ಮಾತ್ರ ಬಿಡಬೇಡಿ.

— ಸಂಪಾದಕ