ಮಕ್ಕಳಿಗೆ ಕಾಪಿರೈಟ್ ಹೇಳಿಕೊಡೋದನ್ನು ಎಲ್ಲಿಂದ ಶುರು ಮಾಡಲಿ?

ನಿಮ್ಮ ಎಂಟನೇ ತರಗತಿ ಮಕ್ಕಳು ಪ್ರಾಜೆಕ್ಟ್‌ಗೆ ಸಿಕ್ಕಸಿಕ್ಕ ಚಿತ್ರ ಅಂಟಿಸಿ, ಕೆಳಗೆ ‘ಕೃಪೆ: ಗೂಗಲ್’ ಅಂತ ಬರೆಯುತ್ತಾರೆ, ಇದನ್ನು ತಿದ್ದೋದು ಹೇಗೆ ಎಂದು ಕೇಳಿದ್ದೀರಿ. ನಾನೂ ಹೈಸ್ಕೂಲ್ ಟೀಚರ್. ದಯವಿಟ್ಟು ಕಾನೂನಿನಿಂದ ಶುರು ಮಾಡಬೇಡಿ. ಮಕ್ಕಳು ತಾವೇ ಮಾಡಿದ ಒಂದು ಕೆಲಸದಿಂದ ಶುರು ಮಾಡಿ.

ಹಿಂದೆ ನಾನಿದ್ದ ಶಾಲೆಯಲ್ಲಿ ಒಬ್ಬ ಹುಡುಗಿ ಮಿಂಚುಳ್ಳಿಯ ಚಿತ್ರ ಬರೆದಿದ್ದಳು. ರೆಕ್ಕೆಯ ನೀಲಿ ಸರಿ ಬರಲಿಲ್ಲ ಅಂತ ಮೂರು ಹಾಳೆ ಹರಿದಿದ್ದಳು. ಆ ಚಿತ್ರ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯ ಮೇಲೆ ಬಂತು. ಅವಳನ್ನು ಯಾರೂ ಕೇಳಿರಲಿಲ್ಲ. ಅವಳು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ನನ್ನ ಹೆಸರು ಎಲ್ಲೂ ಇಲ್ವಲ್ಲ ಮಿಸ್” ಅಂದಳು. ಅವತ್ತು ಪಾಠ ಬದಿಗಿಟ್ಟು ಅದನ್ನೇ ಮಾತಾಡಿದೆವು. ಕೇಳಿದ್ದರೆ ಕೊಡ್ತಿದ್ದೆಯಾ? “ಖುಷಿಯಿಂದ ಕೊಡ್ತಿದ್ದೆ.” ಬರೆದ ಗಳಿಗೆಯಿಂದಲೇ ಆ ಚಿತ್ರದ ಹಕ್ಕು ಅವಳದು, ಎಲ್ಲೂ ನೋಂದಣಿ ಮಾಡಿಸಬೇಕಾಗಿಲ್ಲ ಅಂತ ಹೇಳಿದೆ. ಇಡೀ ತರಗತಿಗೆ ಅರ್ಥವಾಯಿತು.

ಆಮೇಲೆ ಗೂಗಲ್ ಮಾತು ಸುಲಭ. ಗೂಗಲ್ ಹುಡುಕಿ ಕೊಡುತ್ತದೆ ಅಷ್ಟೇ, ಫೋಟೊ ತೆಗೆದವರು ಬೇರೆ ಯಾರೋ. ಹೆಸರು ಹಾಕಿಬಿಟ್ಟರೆ ಸಾಕು ಅನ್ನೋ ತಪ್ಪು ತಿಳಿವಳಿಕೆ ದೊಡ್ಡವರಲ್ಲೂ ಜಾಸ್ತಿ ಇದೆ. ಹೆಸರು ಹಾಕೋದು ಬೇರೆ, ಒಪ್ಪಿಗೆ ಪಡೆಯೋದು ಬೇರೆ. ಹಾಗಂತ ಮಕ್ಕಳನ್ನು ಸುಮ್ನೆ ಹೆದರಿಸಬೇಡಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ತರಗತಿಯ ಕಲಿಕೆಗೆ ವಿನಾಯಿತಿ ಕೊಟ್ಟಿದೆ. ಅದೇ ಪ್ರಾಜೆಕ್ಟ್ ಶಾಲೆಯ ಯೂಟ್ಯೂಬ್ ಚಾನೆಲ್‌ಗೆ ಹೋದರೆ ಮಾತ್ರ ಲೆಕ್ಕ ಬೇರೆ.

ಮುಂದಿನ ಪೀರಿಯಡ್‌ನಲ್ಲಿ ವಿಕಿಮೀಡಿಯ ಕಾಮನ್ಸ್ ಅನ್ನೋ, ಬಳಸಲು ಒಪ್ಪಿಗೆ ಇರುವ ಚಿತ್ರಗಳ ವೆಬ್‌ಸೈಟ್ ತೆರೆದು ಒಂದು ಹಕ್ಕಿ ಹುಡುಕಿಸಿ. ಚಿತ್ರ ಸಿಕ್ಕ ಕೂಡಲೇ ಡೌನ್‌ಲೋಡ್ ಮಾಡಲು ಬಿಡಬೇಡಿ. ಪುಟದ ಕೆಳಗೆ ಹೋಗಿ ಓದಲಿ: ತೆಗೆದವರು ಯಾರು, ಲೈಸೆನ್ಸ್ ಯಾವುದು, ಅಂದರೆ ಯಾವ ಷರತ್ತಿನ ಮೇಲೆ ಬಳಸಲು ಒಪ್ಪಿಗೆ ಕೊಟ್ಟಿದ್ದಾರೆ. ಹೀಗೆ ಮೊದಲೇ ಒಪ್ಪಿಗೆ ಕೊಡಲು ಇರುವ ಸಿದ್ಧ ಲೈಸೆನ್ಸ್‌ಗಳೇ ಕ್ರಿಯೇಟಿವ್ ಕಾಮನ್ಸ್; ಅವುಗಳ ಗುರುತುಗಳನ್ನು ನಾನು ಹೀಗೆ ಹೇಳಿಕೊಡುತ್ತೇನೆ. ಬಿವೈ ಅಂದರೆ ‘ನನ್ನ ಹೆಸರು ಹಾಕು’. ಎಸ್ಎ ಅಂದರೆ ‘ಬದಲಾಯಿಸಿದರೆ ಅದನ್ನೂ ಇದೇ ಷರತ್ತಿನಲ್ಲಿ ಹಂಚು’. ಎನ್‌ಸಿ ಅಂದರೆ ‘ಇದರಿಂದ ದುಡ್ಡು ಮಾಡಬೇಡ’. ಎನ್‌ಡಿ ಅಂದರೆ ‘ಬದಲಾಯಿಸಿ ಹಂಚಬೇಡ’. ‘ಕೃಪೆ: ಗೂಗಲ್’ ಇದ್ದ ಜಾಗದಲ್ಲಿ ಈಗ ಚಿತ್ರದ ಹೆಸರು, ತೆಗೆದವರ ಹೆಸರು, ಸಿಕ್ಕ ಜಾಗ, ಲೈಸೆನ್ಸ್ ಬರಬೇಕು. ಮೊದಮೊದಲು ಗೊಣಗುತ್ತಾರೆ, ಬಿಡಬೇಡಿ.

ಕಥೆಗಳಿಗೆ ಮಕ್ಕಳ ಪುಸ್ತಕ ಪ್ರಕಾಶಕರಾದ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್ ನೋಡಿ. 2015ರಲ್ಲಿ ಶುರುವಾದದ್ದು, ಕನ್ನಡ ಕಥೆಗಳೂ ಇವೆ. ಲೈಸೆನ್ಸ್ ಒಪ್ಪುವುದರಿಂದ ಮಕ್ಕಳು ಅಲ್ಲಿನ ಕಥೆಯನ್ನು ತಮ್ಮ ಮನೆಮಾತಿಗೆ ತಿರುಗಿಸಬಹುದು.

ಹಳೆಯ ಪದ್ಯಗಳ ವಿಷಯವನ್ನು ಖಂಡಿತ ಬಿಡಬೇಡಿ, ನನಗೆ ತುಂಬಾ ಇಷ್ಟವಾದ ಭಾಗ ಅದು. ನಮ್ಮಲ್ಲಿ ಬರೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಕುವೆಂಪು ಹೋದದ್ದು 1994ರಲ್ಲಿ, ಹಾಗಾಗಿ ಅವರ ಪದ್ಯಗಳಿಗೆ 2054ರ ಕೊನೆಯವರೆಗೂ ಹಕ್ಕಿದೆ. ಪಂಜೆ ಮಂಗೇಶರಾಯರು ಹೋದದ್ದು 1937ರಲ್ಲಿ. ಅವರ ನಾಗರಹಾವಿನ ಪದ್ಯ ಈಗ ಎಲ್ಲರದು. ಆದರೆ ಯಾರೋ ಈಚೆಗೆ ರಾಗ ಹಾಕಿ ಹಾಡಿದ ರೆಕಾರ್ಡಿಂಗ್ ಎಲ್ಲರದಲ್ಲ, ಅದಕ್ಕೆ ಬೇರೆಯೇ ಹಕ್ಕಿದೆ. ಇದನ್ನು ಹೇಳಿದಾಗ ನಮ್ಮ ಮಕ್ಕಳ ಮುಖ ಸಪ್ಪಗಾಯಿತು, ಏಕೆಂದರೆ ಶಾಲೆಯ ಚಾನೆಲ್‌ಗೆ ಅಂಥದೇ ಒಂದು ಹಾಡಿಗೆ ಕುಣಿಯಬೇಕು ಅಂತಿದ್ದರು. ಎರಡು ದಿನ ಬಿಟ್ಟು ಬಂದು, ಡೆಸ್ಕ್ ಬಡಿಯುತ್ತಾ ತಾವೇ ಕಟ್ಟಿದ ರಾಗದಲ್ಲಿ ಹಾಡಿ ತೋರಿಸಿದರು. ವಿಡಿಯೊ ಕೆಳಗಿನ ಸಾಲನ್ನೂ ಅವರೇ ಬರೆದರು: “ಪದ್ಯ: ಪಂಜೆ ಮಂಗೇಶರಾಯರು. ರಾಗ: 8ನೇ ಬಿ. ಯಾರು ಬೇಕಾದರೂ ಹಾಡಬಹುದು, ನಮ್ಮ ಹೆಸರು ಹಾಕಿ.”