ಅಪರೂಪದ ಇಂಗ್ಲಿಷ್ ಪದಗಳನ್ನು ಎಷ್ಟು ಕಲಿತರೂ ಮರೆತುಹೋಗುತ್ತವೆ, ಏನು ಮಾಡಬೇಕು?

ಪಟ್ಟಿ ಉರುಹೊಡೆದರೆ ಪದ ನಿಲ್ಲುವುದಿಲ್ಲ, ನೆನಪಿಗೊಂದು ಕೊಂಡಿ ಬೇಕು. ಆ ಕೊಂಡಿ ಹೆಚ್ಚಾಗಿ ಪದದ ಒಳಗೇ ಇರುತ್ತದೆ. ‘ಪೆಟ್ರಿಕೋರ್’ ತೆಗೆದುಕೊಳ್ಳಿ: ಒಣನೆಲಕ್ಕೆ ಮಳೆ ಬಿದ್ದಾಗ ಏಳುವ ಮಣ್ಣಿನ ಘಮ. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಗ್ರೀಕ್‌ನ ‘ಪೆಟ್ರಾ’, ಅಂದರೆ ಕಲ್ಲು, ಮತ್ತು ‘ಇಕೋರ್’, ಅಂದರೆ ದೇವತೆಗಳ ನಾಳದಲ್ಲಿ ಹರಿಯುವ ದ್ರವ, ಇವೆರಡನ್ನು ಸೇರಿಸಿ ಕಟ್ಟಿದ ಪದ ಅದು. ಎಷ್ಟು ಚೆಂದದ ಕಲ್ಪನೆ! ‘ಪೆಟ್ರಾ’ ಗೊತ್ತಾದರೆ ‘ಪೆಟ್ರಿಫೈ’ (ಕಲ್ಲಾಗಿಸು, ಭಯದಿಂದ ಮರಗಟ್ಟಿಸು) ತಾನಾಗಿ ಬಿಡಿಸಿಕೊಳ್ಳುತ್ತದೆ. ಪೆಟ್ರೋಲಿಯಂ ಎಂದರೆ ನಮ್ಮ ಕಲ್ಲೆಣ್ಣೆಯೇ.

ವಾರಕ್ಕೆ ಐದು ಪದ ಸಾಕು. ಒಂದೊಂದಕ್ಕೂ ಮೂಲ, ಉಚ್ಚಾರ, ಸ್ವಂತದ ಎರಡು ವಾಕ್ಯ ಬರೆಯಿರಿ. ಮರುದಿನ, ಮೂರನೇ ದಿನ, ವಾರದ ನಂತರ, ತಿಂಗಳ ನಂತರ ಅರ್ಥ ಮುಚ್ಚಿಟ್ಟು ನೆನಪಿಸಿಕೊಳ್ಳಿ. ಸುಮ್ಮನೆ ಮತ್ತೆ ಓದಿದರೆ ಗೊತ್ತಿದೆ ಎಂಬ ಭ್ರಮೆ ಬರುತ್ತದೆ, ಅಷ್ಟೇ.

ಎಡವುವುದು ಬಳಕೆಯಲ್ಲಿ. ‘ಎನಾರ್ಮಿಟಿ’ಯನ್ನು ಬರೀ ದೊಡ್ಡ ಗಾತ್ರ ಎಂದುಕೊಂಡು ಸಾಧನೆಯೊಂದನ್ನು ಹೊಗಳಲು ಬಳಸಿದರೆ ಎಡವಟ್ಟಾಗುತ್ತದೆ: ಅದಕ್ಕೆ ಘೋರ ಕೃತ್ಯ ಎಂಬ ಅರ್ಥವೂ ಇದೆ. ಆದ್ದರಿಂದ ನಿಘಂಟಿನ ಉದಾಹರಣೆ ವಾಕ್ಯಗಳನ್ನು ಬಿಡದೆ ಓದಿ.